ಪದಚರ್ಚೆ: ‘ಹೆರಿಂಗ್‌ಬೋನ್’, ‘ಶೆವ್ರಾನ್’ ಟೈಲ್ಸ್‌ಗೆ ಕನ್ನಡದಲ್ಲಿ ಏನನ್ನಬೇಕು? (ತುರ್ತು)

ಹುಬ್ಬಳ್ಳಿ ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಟೈಲ್ಸ್ ಅಂಗಡಿಯೊಂದರ ಕ್ಯಾಟಲಾಗ್ ಕನ್ನಡ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಹಾಲ್‌ನ ನೆಲಕ್ಕೂ ಅಡುಗೆಮನೆ ಗೋಡೆಗೂ ಎರಡು ಡಿಸೈನ್ ಇವೆ. ದೂರದಿಂದ ಎರಡೂ ಅಂಕುಡೊಂಕೇ. ಆದರೆ ಹೆರಿಂಗ್‌ಬೋನ್‌ನಲ್ಲಿ ಉದ್ದ ತುಂಡಿನ ತುದಿ ನೇರ. ಒಂದರ ತುದಿ ಇನ್ನೊಂದರ ಮಗ್ಗುಲಿಗೆ ಹೋಗಿ ಕೂರುತ್ತದೆ. ಶೆವ್ರಾನ್‌ನಲ್ಲಿ ತುದಿಯನ್ನೇ ಓರೆಯಾಗಿ ಕೊಯ್ದು ತುದಿಗೆ ತುದಿ ಸೇರಿಸುತ್ತಾರೆ, ನಡುವೆ ನೇರ ಸಂದು ಬರುತ್ತದೆ. ಕೂಲಿಯೂ ಬೇರೆ ಬೇರೆ. ಹಾಗಾಗಿ ಎರಡು ಹೆಸರು ಬೇಕೇ ಬೇಕು. ಗೌಂಡಿಗಳನ್ನು ಕೇಳಿದೆ, ಎರಡಕ್ಕೂ ‘ಜಿಗ್‌ಜ್ಯಾಗ್’ ಅಂದರು. ಹೆರಿಂಗ್ ಅಂದರೆ ಒಂದು ಮೀನು, ಹಾಗಾಗಿ ‘ಮೀನಿನ ಮುಳ್ಳು’ ಅಂತ ಬರೆದು ತೋರಿಸಿದೆ. ಮಾಲೀಕರು, “ಹಾಲ್‌ನಾಗ ಮೀನಿನ ಮುಳ್ಳು ಹಾಸ್ರಿ ಅಂದ್ರ ಯಾರ್ ತಗೋತಾರ್ರಿ?” ಅಂದರು.

ಹಳಗನ್ನಡದ ಮೇಷ್ಟ್ರು:
ಹೊಸ ಪದ ಯಾಕೆ? ‘ಗೋಮೂತ್ರಿಕೆ’ ಇದೆಯಲ್ಲ. ಎತ್ತು ನಡೆಯುತ್ತಾ ಉಚ್ಚೆ ಹೊಯ್ದಾಗ ನೆಲದ ಮೇಲೆ ಮೂಡುವ ಗೆರೆ. ಚಿತ್ರಕಾವ್ಯದಲ್ಲಿ ಗೋಮೂತ್ರಿಕಾ ಬಂಧ ಅನ್ನುವ ಪದ್ಯ ಓದಿದವರಿಗೆ ಗೊತ್ತು: ಮೇಲಿನ ಸಾಲಿನದೊಂದು ಅಕ್ಷರ, ಕೆಳಗಿನದೊಂದು, ಹೀಗೆ ಏರಿಳಿದು ಓದಿದರೂ ಪದ್ಯ ಅದೇ. ಇಳಕಲ್ ಸೀರೆಯ ‘ಗೋಮಿ’ ದಡಿ ಕೂಡ ಇದರಿಂದಲೇ ಬಂದದ್ದು ಅಂತ ನನ್ನ ಬಲವಾದ ನಂಬಿಕೆ.

ಕರಾವಳಿಗ:
ಮೀನಿನ ಮುಳ್ಳು ಬೇಡ ಅಂದವರಿಗೆ ಉಚ್ಚೆ ಮಾರುತ್ತೀರಾ ಮೇಷ್ಟ್ರೇ? ‘ಗೋ’ ಕಂಡಲ್ಲೆಲ್ಲ ಹಸು ಕಟ್ಟಬೇಡಿ. ಗೋಡೆ, ಗೋಣಿ ಇವೂ ಹಸುವೇ? ಗೋಮಿಗೆ ಆಧಾರ ಕೊಡಿ, ಇಲ್ಲ ಬಿಡಿ.
ಫ್ರೆಂಚಿನ ಶೆವ್ರಾನ್ ಅಂದರೆ ಮಾಡಿನ ಓರೆ ಮರ. ಹಂಚಿನ ಮನೆಯೊಳಗೆ ನಿಂತು ಮೇಲೆ ನೋಡಿ, ಎರಡೂ ಕಡೆಯಿಂದ ಪಕಾಸು ಏರಿ ನೆತ್ತಿಯಲ್ಲಿ ಕೂಡುತ್ತವೆ. ‘ಪಕಾಸು ಜೋಡಣೆ’ ಅನ್ನಿ.

ಅಚ್ಚಗನ್ನಡ:
ಪಕಾಸು ಹುಬ್ಬಳ್ಳಿಯಲ್ಲಿ ಯಾರಿಗೆ ಗೊತ್ತು? ‘ಜೋಡಣೆ’ ಎರವಲು. ‘ಹೆಣಿಗೆ’ ಸಾಕು. ಬುಟ್ಟಿ ಹೆಣೆಯುವವರು ಇಂಥದ್ದನ್ನು ದಿನಾ ಹೆಣೆಯುತ್ತಾರೆ.

ಕಟ್ಟಡದ ಕೆಲಸದವ:
ಹೆಣಿಗೆ ಒಪ್ಪಿದೆ. ಮುಂದೆ ‘ತೆನೆ’ ಸೇರಿಸಿ. ರೋಮನ್ನರು ಇದೇ ಥರ ಇಟ್ಟಿಗೆ ಹಾಸಿ ‘ಓಪುಸ್ ಸ್ಪಿಕಾಟುಮ್’ ಅಂದರು. ಸ್ಪಿಕಾ ಅಂದರೆ ತೆನೆ. ಫ್ಲಾರೆನ್ಸಿನ ದೊಡ್ಡ ಚರ್ಚಿನ ಗುಮ್ಮಟ 1420ರಿಂದ 1436ರವರೆಗೆ ಕಟ್ಟಿದ್ದು. ಅದರಲ್ಲೂ ಇಟ್ಟಿಗೆ ಹೀಗೇ ಇದೆ, ಆದರೆ ಇಟಲಿಯವರು ಮೀನಿನ ಬೆನ್ನುಮೂಳೆ ಅನ್ನುತ್ತಾರೆ. ಶೆವ್ರಾನ್ ನೆಲಕ್ಕೆ ಫ್ರೆಂಚರ ಹೆಸರು ‘ಹಂಗೇರಿ ಹೊಲಿಗೆ’, ಕಸೂತಿಯಿಂದ ಎತ್ತಿಕೊಂಡಿದ್ದು. ಗೋಧಿ ತೆನೆ ಕೈಯಲ್ಲಿ ಹಿಡಿದು ನೋಡಿ: ಒಂದು ಎಡಕ್ಕೆ, ಅದಕ್ಕಿಂತ ಸ್ವಲ್ಪ ಮೇಲೆ ಒಂದು ಬಲಕ್ಕೆ. ಎದುರುಬದುರು ಕೂರುವುದೇ ಇಲ್ಲ. ಹೆರಿಂಗ್‌ಬೋನ್ ಥೇಟ್ ಅದೇ.

ಹಳಗನ್ನಡದ ಮೇಷ್ಟ್ರು:
ಹುಬ್ಬಳ್ಳಿ ಕಡೆ ಜೋಳ ಬೆಳೆಯೋದು. ಜೋಳದ ತೆನೆ ಹಾಗಿರುತ್ತದೆಯೇ?

ಕಟ್ಟಡದ ಕೆಲಸದವ:
ಧಾರವಾಡ ಜಿಲ್ಲೆಯಲ್ಲಿ ಗೋಧಿಯೂ ಬೆಳೆಯುತ್ತಾರೆ ಸಾರ್.

ಅಚ್ಚಗನ್ನಡ:
ಲ್ಯಾಟಿನ್ ಸಾಕ್ಷಿ ಯಾಕೆ? ಕನ್ನಡಕ್ಕೆ ಕನ್ನಡವೇ ಸಾಕ್ಷಿ.

ಕರಾವಳಿಗ:
ಕುರ್ಚಿ ಅರಬ್ಬಿಯಿಂದ ಬಂತು, ಅಲಮಾರು ಪೋರ್ಚುಗೀಸರಿಂದ. ತೇಗಕ್ಕೆ ಇಂಗ್ಲಿಷಿನಲ್ಲಿರುವ ‘ಟೀಕ್’ ಮಲಯಾಳದ ತೇಕ್ಕಿನಿಂದ ಹೋದದ್ದು. ಎರವಲು ಅಂತ ಇಂಗ್ಲಿಷರೇನು ಆ ಪದ ಬಿಸಾಡಿದರಾ? ಎರವಲು ಬೇಡ ಅನ್ನುವವರು ಇವತ್ತು ಊಟಕ್ಕೆ ನೆಲದ ಮೇಲೆ ಕೂರಿ.

ಅಚ್ಚಗನ್ನಡ:
ಕೂರುತ್ತೇನೆ. ನೆಲ ಅಚ್ಚಗನ್ನಡ.

ಹುಬ್ಬಳ್ಳಿ ಅನುವಾದಕಿ:
ಜಗಳ ಮುಗಿಯುವ ತನಕ ಕಾಯಲಾಗಲಿಲ್ಲ, ಕಳಿಸಿಬಿಟ್ಟೆ. ಹೆರಿಂಗ್‌ಬೋನ್‌ಗೆ ‘ತೆನೆ ಹೆಣಿಗೆ’. ಪಕ್ಕದಲ್ಲಿ ಇಂಗ್ಲಿಷ್ ಹೆಸರೂ ಇರಲಿ ಅಂದರು ಮಾಲೀಕರು. ಗಿರಾಕಿಗಳು ಮೊಬೈಲ್‌ನಲ್ಲಿ ಅದನ್ನೇ ಹುಡುಕಿಕೊಂಡು ಬರುತ್ತಾರಂತೆ. ಶೆವ್ರಾನ್‌ಗೆ ಪಕಾಸು ನಡೆಯಲಿಲ್ಲ. ಗೌಂಡಿಯೇ ಕೊನೆಗೆ ‘ಓರೆ ಕಟಿಂಗ್’ ಅಂದ, ಅದನ್ನೇ ಹಾಕಿದೆ.

ಅಚ್ಚಗನ್ನಡ:
‘ಕಟಿಂಗ್’ ಅಲ್ಲ, ‘ಕೊಯ್ತ’. ತಿದ್ದಿ.

ಹುಬ್ಬಳ್ಳಿ ಅನುವಾದಕಿ:
ಅಚ್ಚಾಗಿ ಹೋಯ್ತು ಸರ್.