ಹೊಳೆಯಲ್ಲಿ ಗಾಳ ಹಾಕಲು ಮೊದಲ ಕಯಾಕ್: ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯ ಬಳಿ, ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಸಮುದ್ರ ಸೇರುವುದಕ್ಕಿಂತ ಒಳಗಿನ ಹಿನ್ನೀರಿನಲ್ಲಿ, ಕಾಣೆ ಮೀನಿಗೆ ಗಾಳ ಹಾಕಲು ಒಂದು ಕಯಾಕ್ (ಹುಟ್ಟು ಹಾಕಿ ನಡೆಸುವ ಚಿಕ್ಕ ದೋಣಿ) ಕೊಳ್ಳಬೇಕೆಂದಿದ್ದೇನೆ. ಪ್ಯಾಡಲ್ ಮತ್ತು ಲೈಫ್ ಜಾಕೆಟ್ ಸೇರಿ 35,000 ರೂಪಾಯಿ ಮೀರುವಂತಿಲ್ಲ. ಸಮುದ್ರಕ್ಕಿಳಿಯುವ ಯೋಚನೆ ಇಲ್ಲ.

ಕುಳಿತುಕೊಳ್ಳುವ ಜಾಗ ಮೇಲೆಯೇ ಇರುವ, ನೀರು ತಾನಾಗಿ ಹರಿದುಹೋಗುವ ತೂತುಗಳಿರುವ ಪ್ಲಾಸ್ಟಿಕ್ ಕಯಾಕ್ ನನ್ನ ಮೊದಲ ಆಯ್ಕೆ. ಮಗುಚಿದರೂ ಮತ್ತೆ ಹತ್ತಿಕೊಳ್ಳಬಹುದು. ಆದರೆ ಹತ್ತು ಅಡಿಯದ್ದೇ ಸುಮಾರು 25 ಕಿಲೋ ತೂಗುವುದರಿಂದ, ಮನೆಯಿಂದ ದಂಡೆಯವರೆಗಿನ ಗದ್ದೆಯ ಹುಣಿಯಲ್ಲಿ ಒಬ್ಬನೇ ಹೊತ್ತೊಯ್ಯುವುದು ಕಷ್ಟ. ಗಾಳಿ ತುಂಬುವ ಕಯಾಕ್ ಹಗುರ, ಅಗ್ಗ. ಆದರೂ ನನಗೆ ಅದರ ಮೇಲೆ ಧೈರ್ಯ ಬರುತ್ತಿಲ್ಲ. ಕಳೆದ ವಾರ ಇಳಿತದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ ಹೋಗಿ ನೋಡಿದಾಗ, ಬೇರುಗಳ ಮೇಲೆಲ್ಲ ಬ್ಲೇಡಿನಂತೆ ಹರಿತವಾದ ಮುರು (ಸಿಂಪಿ) ಚಿಪ್ಪುಗಳು ಅಂಟಿಕೊಂಡಿದ್ದವು. ನನ್ನ ರಬ್ಬರ್ ಚಪ್ಪಲಿಯ ಅಂಚೇ ಸೀಳಿಹೋಯಿತು.

ನನ್ನ ತೂಕ 82 ಕಿಲೋ, ಸಾಮಾನು ಸೇರಿ ನೂರಾಗಬಹುದು. ನೂರೈವತ್ತು ಕಿಲೋ ಹೊರುವ, ಎಂಬತ್ತು ಸೆಂಟಿಮೀಟರಿನಷ್ಟು ಅಗಲದ್ದು ಸಾಕೇ? ಅಗಲ ಹೆಚ್ಚಿದಷ್ಟೂ ಸ್ಥಿರತೆ ಸಿಗುತ್ತದೆಯಾದರೂ, ಇಳಿತದ ಸೆಳೆತಕ್ಕೆ ಎದುರಾಗಿ ಹುಟ್ಟು ಹಾಕುವಾಗ ತೋಳು ಸೋಲುತ್ತದೆಯೇ ಎಂಬುದು ನನ್ನ ಮುಖ್ಯ ಚಿಂತೆ. ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಎರಡು ಬಾರಿ ಬಾಡಿಗೆಯ ಕಯಾಕ್ ನಡೆಸಿದ್ದೇನೆ, ಅಷ್ಟೇ ಅನುಭವ.

ಉಡುಪಿ, ಮಂಗಳೂರಿನ ಆಸುಪಾಸಿನಲ್ಲಿ ಬಳಸಿದ ಕಯಾಕ್ ಮಾರುವವರಿದ್ದರೆ ದಯವಿಟ್ಟು ತಿಳಿಸಿ. ಹಳೆಯದನ್ನು ಕೊಳ್ಳುವಾಗ ತಳದಲ್ಲಿ, ತೂತುಗಳ ಸುತ್ತ ಬಿರುಕನ್ನು ಹೇಗೆ ಪರೀಕ್ಷಿಸಬೇಕೆಂದು ಬಲ್ಲವರು ವಿವರಿಸಿದರೆ ಬಹಳ ಉಪಕಾರವಾಗುತ್ತದೆ.