ಹದಿಹರೆಯದವರಿಗೆ ಪಂಚಾಯತಿ ಗ್ರಂಥಾಲಯದಲ್ಲಿ ಏನು ಓದಿಸಬೇಕು, ಏನು ಮಾಡಿಸಬೇಕು?

ಕೋರಿಕೆ:
ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಈಚೆಗೆ ಮೇಲ್ವಿಚಾರಕಿಯಾಗಿ ಸೇರಿದ್ದೇನೆ. ಚಿಕ್ಕ ಮಕ್ಕಳು ಚಿತ್ರದ ಪುಸ್ತಕಗಳಿಗಾಗಿಯೂ ಹಿರಿಯರು ದಿನಪತ್ರಿಕೆಗಾಗಿಯೂ ಬರುತ್ತಾರೆ. ಆದರೆ ಎಂಟನೆಯ ತರಗತಿಯಿಂದ ಪಿಯುಸಿವರೆಗಿನವರು ಬಂದರೂ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನು ಬಿಟ್ಟು ಬೇರೆ ಕಪಾಟಿನತ್ತ ಸುಳಿಯುವುದಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು, ಶಿವಮೊಗ್ಗ ಜಿಲ್ಲೆ:
ಮೇಡಂ, ಒಂಬತ್ತು ವರ್ಷ ನಮ್ಮೂರಿನ ಗ್ರಂಥಾಲಯದಲ್ಲಿ ಭಾನುವಾರದ ಓದಿನ ಕೂಟ ನಡೆಸಿದವನಾಗಿ ಬರೆಯುತ್ತಿದ್ದೇನೆ. ಆರಂಭದಲ್ಲಿ ‘ಓದಲೇಬೇಕಾದ ಪುಸ್ತಕಗಳು’ ಎಂಬ ಉದ್ದನೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆ. ಎರಡು ತಿಂಗಳಾದರೂ ಅದರಲ್ಲಿನ ಒಂದು ಪುಸ್ತಕವೂ ಕಪಾಟಿನಿಂದ ಕದಲಲಿಲ್ಲ. ಪಾಠದ ವಾಸನೆಯಿರುವುದನ್ನು ಆ ವಯಸ್ಸಿನವರು ದೂರದಿಂದಲೇ ಗುರುತಿಸಿಬಿಡುತ್ತಾರೆ. ಆಮೇಲೆ ಪಟ್ಟಿಯನ್ನು ತೆಗೆದುಹಾಕಿ, ವಾರಕ್ಕೆ ಒಂದೇ ಪುಸ್ತಕವನ್ನು ಆರಿಸಿ, ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿ, ಮುಂದೇನಾಯಿತು ಎಂದು ಮಕ್ಕಳು ಕೇಳುವ ಜಾಗದಲ್ಲಿ ನಿಲ್ಲಿಸತೊಡಗಿದೆ. ಪುಸ್ತಕವನ್ನು ಮೇಜಿನ ಮೇಲೆಯೇ ಬಿಟ್ಟು ಬರುತ್ತಿದ್ದೆ; ಮರುವಾರಕ್ಕೆ ಯಾರಾದರೂ ಮನೆಗೆ ಒಯ್ದಿರುತ್ತಿದ್ದರು.

ಇದಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹೇಳಿ ಮಾಡಿಸಿದಂತಿದೆ. 1980ರಲ್ಲಿ ಬಂದ ಈ ಕಾದಂಬರಿಯಲ್ಲಿ ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿಯೊಬ್ಬರು, ಊರಿನವರು ಲೆಕ್ಕಕ್ಕೇ ಇಟ್ಟುಕೊಳ್ಳದ ಮಂದಣ್ಣನಲ್ಲಿ ಅಪರೂಪದ ನಿಸರ್ಗಜ್ಞಾನವನ್ನು ಕಾಣುತ್ತಾರೆ. ತರಗತಿಯಲ್ಲಿ ಹಿಂದುಳಿದವರೆಂದು ಹೆಸರು ಪಡೆದ ಹುಡುಗರು ಮಂದಣ್ಣನನ್ನು ತಮ್ಮವನೆಂದು ಹಚ್ಚಿಕೊಂಡದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಿಮ್ಮದು ಬಯಲುಸೀಮೆಯಾದ್ದರಿಂದ ಮಲೆನಾಡಿನ ಕಾಡು ದೂರವೆನಿಸಬಹುದು ಎಂಬ ಅಳುಕು ಬೇಡ. ಪುಸ್ತಕ ಮುಗಿದ ಮೇಲೆ ಅವರನ್ನು ನಿಮ್ಮ ಕೆರೆಯಂಗಳಕ್ಕೋ ಕಲ್ಲುಗುಡ್ಡಕ್ಕೋ ಕರೆದೊಯ್ದು, ಕಂಡ ಹಕ್ಕಿ, ಓತಿ, ಹುಳುಗಳ ಊರಿನ ಹೆಸರನ್ನೇ ಬರೆದಿಡಲು ಹೇಳಿ. ಆ ನೋಟ್‌ಬುಕ್ಕನ್ನೂ ಗ್ರಂಥಾಲಯದ ಕಪಾಟಿನಲ್ಲಿ ಇಡಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ, ಅವರ ಮನೆಯ ಭರವಸೆಯೆಲ್ಲ ಆ ಒಂದು ಕಪಾಟಿನಲ್ಲಿರುತ್ತದೆ. ಅದರ ಪಕ್ಕದಲ್ಲಿಯೇ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ಯನ್ನು ಇಟ್ಟು ನೋಡಿ. ಬಡತನವನ್ನೂ ಅವಮಾನವನ್ನೂ ಅಷ್ಟು ನಗುತ್ತಾ ಹೇಳುವ ಪುಸ್ತಕ ಅವರ ಕೈಗೆ ಒಮ್ಮೆ ಸಿಕ್ಕರೆ ಕೆಳಗಿಡುವುದಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ ಚಿಕ್ಕದಾಗಿರುವುದರಿಂದ ಮೊದಲ ಕಾದಂಬರಿಯಾಗಿ ಕೊಡಬಹುದು. ಪಿಯುಸಿ ಮುಗಿಸುವ ಹಂತದವರಿಗೆ ತ್ರಿವೇಣಿಯವರ ‘ಶರಪಂಜರ’ ಕೊಟ್ಟು, ಬಾಣಂತನದ ನಂತರ ಬರುವ ಮನೋರೋಗವನ್ನು ಕುಟುಂಬ ಹೇಗೆ ಕಾಣುತ್ತದೆ ಎಂಬ ಬಗ್ಗೆ ಚರ್ಚೆಗೆ ಬಿಟ್ಟಾಗ, ಅದುವರೆಗೆ ತುಟಿ ಬಿಚ್ಚದ ಹೆಣ್ಣುಮಕ್ಕಳು ಮಾತನಾಡಿದರು.

ಪ್ರತಿ ಪುಸ್ತಕದ ಕೊನೆಯ ಹಾಳೆಗೆ ಒಂದು ಖಾಲಿ ಚೀಟಿ ಅಂಟಿಸಿ, ಓದಿದವರು ಎರಡು ಸಾಲು ಬರೆಯಲಿ. ‘ಚೆನ್ನಾಗಿಲ್ಲ’ ಎಂದು ಬರೆದರೂ ಅಳಿಸಬೇಡಿ. ಆ ಚೀಟಿಗಳು ಮಾಡಿದ ಶಿಫಾರಸು ನನ್ನ ಪಟ್ಟಿಗಿಂತ ಹೆಚ್ಚು ನಡೆಯಿತು.

ಗ್ರಾಮ ಪಂಚಾಯತಿಯ ಮಾಜಿ ಸದಸ್ಯೆಯೊಬ್ಬರು, ತುಮಕೂರು ಜಿಲ್ಲೆ:
ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತಾ ಎರಡು ವಿಷಯ ಸೇರಿಸುತ್ತೇನೆ. ಮೊದಲನೆಯದು ಸಮಯ. ಸಂಜೆ ಆರರ ಕೂಟಕ್ಕೆ ನಮ್ಮಲ್ಲಿ ಹುಡುಗರಷ್ಟೇ ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬದಲಿಸಿ, ಸ್ವಸಹಾಯ ಸಂಘದ ಸಭೆಯಲ್ಲಿ ತಾಯಂದಿರಿಗೆ ಖುದ್ದಾಗಿ ಹೇಳಿದ ಮೇಲೆ ಹೆಣ್ಣುಮಕ್ಕಳು ಬರತೊಡಗಿದರು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ ಎಂಬುದನ್ನೂ ಅಲ್ಲಿಯೇ ತಿಳಿಸಿದೆವು.

ಎರಡನೆಯದು ಹಣ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 1965ರ ಗ್ರಂಥಾಲಯ ಕಾಯ್ದೆಯಂತೆ ಕಟ್ಟಡ ಮತ್ತು ಜಮೀನಿನ ತೆರಿಗೆಯೊಂದಿಗೆ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಆದ್ದರಿಂದ ಪುಸ್ತಕ ಕೇಳುವುದು ದಾನ ಬೇಡಿದಂತಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ನಿಮ್ಮ ಓದುಗರೇ ಎದ್ದು ನಿಂತು, ಪುಸ್ತಕದ ಹೆಸರು ಸಹಿತ ಬೇಡಿಕೆ ಓದಿ, ಅದು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ನಮ್ಮಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹನ್ನೆರಡು ಪುಸ್ತಕಗಳ ಹೆಸರು ಓದಿದಳು. ಸಭೆ ಪೂರ್ತಿ ನಿಶ್ಶಬ್ದವಾಗಿತ್ತು. ಅವುಗಳಲ್ಲಿ ಒಂಬತ್ತು ಪುಸ್ತಕಗಳು ಆ ವರ್ಷವೇ ಬಂದವು.

ಪದವಿ ವಿದ್ಯಾರ್ಥಿಯೊಬ್ಬರು, ಹಾವೇರಿ ಜಿಲ್ಲೆ:
ಅಕ್ಕಾ, ನಾನು ಓದಿನಲ್ಲಿ ಹಿಂದಿದ್ದವನು, ಕೂಟಕ್ಕೆ ಹೋಗಲು ನಾಚಿಕೆಯಾಗುತ್ತಿತ್ತು. ನಮ್ಮ ಮೇಲ್ವಿಚಾರಕರು ತಿಂಗಳಿಗೊಮ್ಮೆ ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಕೆಲಸವಿಟ್ಟಿದ್ದರಿಂದ ನನಗೆ ಒಳಗೆ ಬರಲು ಕಾರಣ ಸಿಕ್ಕಿತು. ಮೈದಾ ಕುದಿಸಿ ಅಂಟು ಮಾಡಬೇಕು. ಹುಳು ಬೀಳದಂತೆ ಅದಕ್ಕೆ ಸೇರಿಸುವ ಮೈಲುತುತ್ತ ವಿಷವಾದ್ದರಿಂದ ಅದನ್ನು ಅವರೇ ಹಾಕುತ್ತಿದ್ದರು. ಬಿಡಿಯಾದ ಹಾಳೆಗಳನ್ನು ಪುಟಸಂಖ್ಯೆಯ ಪ್ರಕಾರ ಜೋಡಿಸುವಾಗ ಅಲ್ಲೊಂದು ಇಲ್ಲೊಂದು ಸಾಲು ಕಣ್ಣಿಗೆ ಬೀಳುತ್ತಿತ್ತು. ಹಾಗೆ ಸಾಲುಗಳು ಕಂಡ ಒಂದು ಪುಸ್ತಕವನ್ನು, ಅಂಟು ಒಣಗಿದ ಮರುದಿನವೇ ನನ್ನ ಹೆಸರಿಗೆ ಬರೆಸಿಕೊಂಡು ಮನೆಗೆ ಒಯ್ದೆ.