ಜಪಾನಿ ವ್ಯಾಕರಣಕ್ಕೆ ಕನ್ನಡದ ನೋಟ್ಸ್: ಎಲ್ಲಿಯವರೆಗೆ?

ತುಂಗಾತೀರ: ಡಿಗ್ರಿಯಲ್ಲಿ ಜಪಾನಿ ತಗೊಂಡ ಕನ್ನಡದ ಮಕ್ಕಳು ವ್ಯಾಕರಣದ ನೋಟ್ಸನ್ನ ಕನ್ನಡದಲ್ಲೇ ಬರೆದುಕೊಳ್ಳಬೇಕು ಅನ್ನೋದು ನನ್ನ ವಾದ. ಇಂಗ್ಲಿಷಲ್ಲಿ ಉದ್ದಕ್ಕೆ ವಿವರಿಸಬೇಕಾದ 'ತಬೆತೆ ಮಿರು' ನಮಗೆ ಎರಡೇ ಪದ: ತಿಂದು ನೋಡು. 'ತಬೆತೆ ಶಿಮಾಉ' ಅಂದ್ರೆ ತಿಂದುಬಿಡು. 'ಇಕು ತೊ ಇತ್ತ', ಹೋಗ್ತೀನಿ ಅಂತ ಅಂದ. 'ಕಿನೋ ಕತ್ತ ಹೊನ್', ನಿನ್ನೆ ಕೊಂಡ ಪುಸ್ತಕ. ಪದಗಳ ಸಾಲೂ ಕದಲಲ್ಲ.

ಒತ್ತಕ್ಷರ: ಉಚ್ಚಾರಣೆಗೂ ಇದು ನಿಜ. ಒಬಸನ್ ಅಂದ್ರೆ ಅತ್ತೆ ಅಥವಾ ಚಿಕ್ಕಮ್ಮ, ಒಬಾಸನ್ ಅಜ್ಜಿ. ಕಿತೆ ಅಂದ್ರೆ 'ಬಂದು', ಕಿತ್ತೆ ಅಂಚೆಚೀಟಿ. ದೀರ್ಘ, ಒತ್ತು ಎರಡೂ ನಮ್ಮ ಕಿವಿಗೆ ಮೊದಲೇ ಗೊತ್ತು. ಆದರೆ ಜಪಾನಿಯ ಮೂಲ ಲಿಪಿ ಹಿರಗಾನದ 46 ಅಕ್ಷರ ಕೈಗೆ ಹತ್ತಿದ ತಕ್ಷಣ ಜಪಾನಿ ಪದಗಳನ್ನ ಕನ್ನಡ ಲಿಪಿಯಲ್ಲಿ ಬರೆಯೋದು ಬಿಟ್ಟುಬಿಡಿ. ಇನ್ನೊಂದು: ಟೋಕಿಯೋ ಮಾತಲ್ಲಿ 'ಹಶಿ'ಯ ಮೊದಲಕ್ಷರ ಏರಿದರೆ ಊಟದ ಕಡ್ಡಿ, ಎರಡನೆಯದು ಏರಿದರೆ ಸೇತುವೆ. ಈ ಏರಿಳಿತ ಯಾವ ಲಿಪಿಯಲ್ಲೂ ಕಾಣಲ್ಲ, ಕೇಳಿಯೇ ಕಲಿಯಬೇಕು.

ಸಂಜೆಮಲ್ಲಿಗೆ: ತುಂಗಾತೀರ ಅವರೇ, ಹೋಲಿಕೆ ಇರೋ ಕಡೆನೇ ಮಕ್ಕಳು ಜಾರೋದು. ನಮಗಿರೋದು ಒಂದೇ 'ಕೊಡು'. 'ನಾನು ಅಣ್ಣನಿಗೆ ಕೊಟ್ಟೆ' ಅನ್ನೋಕೆ 'ಅಗೆತ' ಬೇಕು, 'ಅಣ್ಣ ನನಗೆ ಕೊಟ್ಟ' ಅನ್ನೋಕೆ 'ಕುರೆತ'. ಹೊರಗಿನವರು ನನ್ನ ತಂಗಿಗೆ ಕೊಟ್ಟರೂ 'ಕುರೆತ'ವೇ, ತಂಗಿ ನನ್ನ ಕಡೆಯವಳಲ್ವಾ! ಕನ್ನಡದಲ್ಲಿ ಯೋಚಿಸಿದವರು ಎರಡಕ್ಕೂ 'ಅಗೆತ' ಬರೆದುಬಿಡ್ತಾರೆ.

ತುಂಗಾತೀರ: ಮೇಷ್ಟ್ರು ನಮಗೆ ಕೊಟ್ಟರೆ 'ಕುದಸರು', ನಾವು ಅವರಿಗೆ ಕೊಟ್ಟರೆ 'ಸಶಿಅಗೆರು'. ದಯಪಾಲಿಸು, ಸಮರ್ಪಿಸು ಅಂತ ನಮ್ಮಲ್ಲೂ ಇವೆಯಲ್ಲ?

ಸಂಜೆಮಲ್ಲಿಗೆ: ದಯಪಾಲಿಸೋದು ನಮ್ಮಲ್ಲಿ ದೇವರು, ರಾಜರು. 'ಕುದಸರು' ದಿನದ ಮಾತು. ಗೌರವದ ಲೆಕ್ಕವೇ ಬೇರೆ ಅಲ್ಲಿ. ಹೊರಗಿನವರು ಆಫೀಸಿಗೆ ಫೋನ್ ಮಾಡಿದಾಗ ನಾವು 'ಮ್ಯಾನೇಜರ್ ಹೊರಗೆ ಹೋಗಿದ್ದಾರೆ' ಅಂತ ಬಹುವಚನ ಹಚ್ತೀವಿ. ಜಪಾನಿಯಲ್ಲಿ ಮ್ಯಾನೇಜರ್ ಹೆಸರು 'ತನಕ' ಅಂತಿದ್ದರೆ, ಹೆಸರಿಗೆ ಹಚ್ಚೋ ಗೌರವದ 'ಸನ್' ಕಿತ್ತು, 'ತನಕ ವ ಗೈಶುತ್ಸು ಶಿತೆ ಒರಿಮಸು' ಅಂತ ತಗ್ಗಿಸಿ ಹೇಳಬೇಕು. ಯಾಕಂದ್ರೆ ಕೇಳೋರ ಎದುರು ಅವರು ನಮ್ಮ ಮನೆಯವರಿದ್ದ ಹಾಗೆ. ಮನೆಯಲ್ಲಿ 'ಒತೋಸನ್' ಅಂತ ಕರೆಯೋ ಅಪ್ಪ ಹೊರಗಿನವರ ಮುಂದೆ ಬರೀ 'ಚಿಚಿ'. ಭಾಷೆ ಒಂದು ಪೇಪರ್, ಸಂಸ್ಕೃತಿ ಇನ್ನೊಂದು ಅಂತ ಇದನ್ನ ಬೇರೆ ಮಾಡೋಕಾಗಲ್ಲ.

ಕಾಂಜಿಪ್ರೇಮಿ: ಕಾಂಜಿಗೆ, ಅಂದ್ರೆ ಜಪಾನಿಯಲ್ಲಿ ಬಳಸೋ ಚೀನೀ ಮೂಲದ ಅಕ್ಷರಗಳಿಗೆ, ಮಾತ್ರ ಕನ್ನಡದ ಪಟ್ಟಿ ಬೇಡವೇ ಬೇಡ. 2010ರ ಸರ್ಕಾರಿ ಪಟ್ಟಿಯಲ್ಲಿ 2136 ಇವೆ, ಒಂದೊಂದಕ್ಕೆ ಒಂದು ಅರ್ಥ ಅಂತ ಉರು ಹೊಡೆದವರಿಗೆ ಓದೋಕೆ ಬರಲ್ಲ. ಹುಟ್ಟು–ಬದುಕಿನ ಒಂದೇ ಕಾಂಜಿ 'ಸೆನ್ಸೇ'ಯಲ್ಲಿ (ಮೇಷ್ಟ್ರು) ಸೇ, 'ತನ್ಜೋಬಿ'ಯಲ್ಲಿ (ಹುಟ್ಟುಹಬ್ಬ) ಜೋ, 'ಉಮರೆರು'ವಿನಲ್ಲಿ (ಹುಟ್ಟು) ಉ, 'ಇಕಿರು'ವಿನಲ್ಲಿ (ಬದುಕು) ಇ. ಪೂರ್ತಿ ಪದವನ್ನೇ ಕೈಯಲ್ಲಿ ಬರೆದು ಕಲೀರಿ. ಜೆಎಲ್‌ಪಿಟಿ (ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ) ಪಾಸಾದ್ರೆ ಸಾಕು ಅಂತಲೂ ಕೂರಬೇಡಿ. ಅದರ ಎನ್2 ಹಂತಕ್ಕೆ 180ಕ್ಕೆ 90, ಮೂರು ಭಾಗದಲ್ಲೂ ಕನಿಷ್ಠ 19 ಬೇಕು ನಿಜ, ಆದರೆ ಅದರಲ್ಲಿ ಒಂದು ವಾಕ್ಯವನ್ನೂ ಬರೆಸಲ್ಲ, ಮಾತಾಡಿಸಲ್ಲ.

ತುಂಗಾತೀರ: ಒಪ್ಪಿದೆ. ಹಾಗಾದ್ರೆ ನೋಟ್ಸಿಗೆ ಮೂರು ಕಾಲಂ ಮಾಡೋಣ: ಜಪಾನಿ ವಾಕ್ಯ, ಕನ್ನಡ ವಾಕ್ಯ, 'ಯಾರು ಯಾರಿಗೆ ಹೇಳಿದ್ದು'. ಮೂರನೆಯದು ಖಾಲಿ ಇದ್ದರೆ ಆ ವಾಕ್ಯ ಇನ್ನೂ ಕಲಿತಿಲ್ಲ ಅಂತ ಲೆಕ್ಕ.

ಸಂಜೆಮಲ್ಲಿಗೆ: ಇದಾದ್ರೆ ಸರಿ. 'ಕೊಡು' ಬಂದ ವಾಕ್ಯಗಳಿಗೆ ಮೂರನೇ ಕಾಲಂ ಮೊದಲು ತುಂಬಿಸಿ, ಆಮೇಲೆ ಜಪಾನಿ ಬರೆಸಿ.